ಯಾರ ಉಪ್ಪು, ಯಾರ ಋಣ?

ಅಂಕೋಲೆಯ ನಮ್ಮ ಹಿರಿಯರ ಮನೆಯ ಜಗಲಿಯಲ್ಲಿ ಎರಡು ಭಾವಚಿತ್ರಗಳಿವೆ. ಒಂದು ದೊಡ್ಡಜ್ಜನದು, ಅದರ ಕೆಳಗೆ ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷವಾದ 1972ರಲ್ಲಿ ಭಾರತ ಸರಕಾರವು ಕೊಟ್ಟ ತಾಮ್ರಪತ್ರ. ಇನ್ನೊಂದು ಅವರ ತಮ್ಮನಾದ ನಮ್ಮ ಅಜ್ಜನದು. ಅದರ ಕೆಳಗೆ ಏನೂ ಇಲ್ಲ. ಹಿಂದಿನ ಚೌತಿಗೆ ಊರಿಗೆ ಹೋಗಿದ್ದಾಗ ಮನೆಯ ಚಿಕ್ಕ ಹುಡುಗನೊಬ್ಬ ಆ ಎರಡನೆಯ ಚಿತ್ರವನ್ನು ತೋರಿಸಿ, “ಈ ಅಜ್ಜ ಬ್ರಿಟಿಷರ ಚಾಕರಿ ಮಾಡಿದವರಂತೆ, ಹೌದೇ?” ಎಂದು ಕೇಳಿದ. ಮುಂಬಯಿಯ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡುವ ನಮಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಈ ಲೇಖನ ಆ ಹುಡುಗನಿಗೆ ಹೇಳಬೇಕಾಗಿದ್ದ ಉತ್ತರ.

ನಮ್ಮ ಉತ್ತರ ಕನ್ನಡ ಜಿಲ್ಲೆ ಆ ಕಾಲಕ್ಕೆ ಮುಂಬಯಿ ಪ್ರಾಂತಕ್ಕೆ ಸೇರಿತ್ತೆಂಬುದನ್ನು ವಾಚಕರು ಬಲ್ಲರು. 1930ರ ಏಪ್ರಿಲ್ 13ರಂದು ಅಂಕೋಲೆಯ ಕಡಲ ತಡಿಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಕಾಯಿದೆ ಮುರಿದು ಉಪ್ಪು ತಯಾರಿಸಿದರು. ಅದರ ಬೆನ್ನಿಗೇ ಅಂಕೋಲೆ, ಸಿದ್ದಾಪುರಗಳಲ್ಲಿ ಕರನಿರಾಕರಣೆಯ ಚಳವಳಿ ನಡೆಯಿತು. ತೀರ್ವೆ ಕೊಡುವುದಿಲ್ಲವೆಂದ ರೈತರ ಗದ್ದೆ ತೋಟ, ದನಕರು, ಪಾತ್ರೆ ಪಡಗಗಳು ಜಪ್ತಿಯಾದವು. ನೂರಾರು ಮನೆತನಗಳು ಬೀದಿಗೆ ಬಂದವು. ದೊಡ್ಡಜ್ಜ ಸೆರೆಮನೆಗೆ ಹೋದರು. ಮನೆಯಲ್ಲಿ ಉಳಿದವರು ದೊಡ್ಡಜ್ಜಿ ಮತ್ತು ನಾಲ್ಕು ಮಕ್ಕಳು.

ಅದೇ ಹೊತ್ತಿಗೆ ಅಜ್ಜ ಮುಂಬಯಿಯ ಕೋಟೆ ಭಾಗದ ಕಚೇರಿಯೊಂದರಲ್ಲಿ ಕಾರಕೂನರಾಗಿದ್ದರು. ಇಂಗ್ಲಿಷ್ ಅಕ್ಷರ ಮುತ್ತು ಪೋಣಿಸಿದಂತೆ, ಆದುದರಿಂದಲೇ ನೌಕರಿ. ಗಿರಗಾಂವದ ಚಾಳಿನ ಒಂದೇ ಕೋಣೆಯಲ್ಲಿ ನಾಲ್ವರ ಜೊತೆ ಬಿಡಾರ. ಪಗಾರ ಬಂದ ಮರುದಿನವೇ ಅಂಕೋಲೆಗೆ ಮನಿಯಾರ್ಡರು ಹೋಗುತ್ತಿತ್ತು. ಆ ಹಣದಿಂದ ದೊಡ್ಡಜ್ಜನ ಮಕ್ಕಳು ಉಂಡರು, ಶಾಲೆಗೂ ಹೋದರು. ಅಂದರೆ ದೊರೆಗಳ ವಿರುದ್ಧ ಸೆಟೆದು ನಿಂತವರ ಮನೆಯ ಒಲೆ ದೊರೆಗಳು ಕೊಟ್ಟ ಪಗಾರದಿಂದಲೇ ಉರಿಯಿತು.

ಇಷ್ಟಕ್ಕೇ ಕಥೆ ನಿಂತಿದ್ದರೆ ನಾವು ಹುಡುಗನೆದುರು ತಲೆಯೆತ್ತಿ ಮಾತಾಡಬಹುದಿತ್ತು. ಆದರೆ ಅಜ್ಜ ತಮ್ಮ ಕೊನೆಗಾಲದಲ್ಲಿ ನಮ್ಮ ತಂದೆಯವರಿಗೆ ಇನ್ನೊಂದು ಸಂಗತಿ ಹೇಳಿದ್ದರು. ಒಂದು ದಿನ ಅವರ ಮೇಜಿಗೆ ಜಪ್ತಿಯಾದ ಜಮೀನುಗಳ ಯಾದಿಯೊಂದು ನಕಲು ಮಾಡಲು ಬಂತು. ಅದರಲ್ಲಿ ಅಣ್ಣನ ಹೆಸರಿತ್ತು, ತಾವು ಆಡಿ ಬೆಳೆದ ಗದ್ದೆಯ ಸರ್ವೆ ನಂಬರೂ ಇತ್ತು. ಅಜ್ಜ ಅದನ್ನು ತಪ್ಪಿಲ್ಲದೆ ನಕಲು ಮಾಡಿ, ಶಾಯಿ ಆರಿಸಿ, ಸಾಹೇಬರ ಮೇಜಿಗೆ ಕಳುಹಿಸಿದರು. ಅಂದು ರಾತ್ರಿ ಊಟ ಮಾಡಲಿಲ್ಲವಂತೆ. ಮರುದಿನ ಹತ್ತೂವರೆಗೆ ಎಂದಿನಂತೆ ಕಚೇರಿಗೆ ಹೋದರಂತೆ.

ಪರಕೀಯರ ಆಳ್ವಿಕೆಗೆ ಒದಗಿದವನು ದ್ರೋಹಿ, ಎದುರಿಸಿದವನು ವೀರ ಎಂದು ಎರಡೇ ಪಂಕ್ತಿ ಹಾಕಿಬಿಡುವುದು ಸುಲಭ. ಎರಡು ಪಂಕ್ತಿಗಳ ನಡುವೆ ಎಷ್ಟೋ ಜನ ನಿಂತಿದ್ದರು. ಅವರನ್ನು ತೂಗುವ ಬಗೆ ಯಾವುದು?

ಒಂದು ಬಗೆಯನ್ನು ನಮ್ಮ ಜಿಲ್ಲೆಯ ಹೆಂಗಸರೇ ತೋರಿಸಿಕೊಟ್ಟಿದ್ದಾರೆ. ಜಪ್ತಿಯಾದ ಸೊತ್ತು ಲಿಲಾವಿಗೆ ಬಂದಾಗ ಅಗ್ಗಕ್ಕೆ ಕೊಂಡವರು ಬ್ರಿಟಿಷರಲ್ಲ, ನಮ್ಮವರೇ. 1932ರಲ್ಲಿ ಸಿದ್ದಾಪುರ ತಾಲೂಕಿನ ಮಾವಿನಗುಂಡಿಯಲ್ಲಿ, ಹಾಗೆ ಕೊಂಡವರ ಮನೆಯ ಮುಂದೆ ಹೆಂಗಸರು ಉಪವಾಸ ಕುಳಿತರು. ಅವರು ಕುಳಿತದ್ದು ಕಾರಕೂನನ ಮನೆಯ ಮುಂದಲ್ಲ, ಅಂಚೆ ಪೇದೆಯ ಮನೆಯ ಮುಂದೆಯೂ ಅಲ್ಲ. ನೆರೆಯವನ ಕೇಡಿನಿಂದ ಲಾಭ ಮಾಡಿಕೊಂಡವನ ಮನೆಯ ಮುಂದೆ. ಹೊಟ್ಟೆಗಾಗಿ ದುಡಿಯುವುದು ಬೇರೆ, ಇನ್ನೊಬ್ಬರ ಹೊಟ್ಟೆಯ ಮೇಲೆ ಹೊಡೆದು ಕೂಡಿಸುವುದು ಬೇರೆ ಎಂಬ ವಿವೇಕ ಅವರಲ್ಲಿತ್ತು.

ಇನ್ನೊಂದು ಬಗೆ ನಮ್ಮ ಮುಂಬಯಿಯಲ್ಲೇ ಹುಟ್ಟಿತು. ಗ್ರ್ಯಾಂಟ್ ರೋಡ್ ಸ್ಟೇಶನ್ನಿನಿಂದ ನಡೆದು ಹೋಗುವಷ್ಟೇ ದೂರದಲ್ಲಿರುವ ಗೊವಾಳಿಯಾ ಟ್ಯಾಂಕ್ ಮೈದಾನವನ್ನು ಈಗ ಆಗಸ್ಟ್ ಕ್ರಾಂತಿ ಮೈದಾನವೆನ್ನುತ್ತಾರೆ. 1942ರ ಆಗಸ್ಟ್ 8ರ ರಾತ್ರಿ ಅಲ್ಲಿ ಗಾಂಧೀಜಿ ಮಾಡಿದ ಭಾಷಣದಲ್ಲಿ ‘ಮಾಡು ಇಲ್ಲವೆ ಮಡಿ’ ಎಂಬ ಮಾತು ಎಲ್ಲರಿಗೂ ಗೊತ್ತು. ಅದೇ ಭಾಷಣದಲ್ಲಿ ಸರಕಾರಿ ನೌಕರರಿಗೂ ಅವರು ಬುದ್ಧಿ ಹೇಳಿದ್ದನ್ನು ಬಹಳ ಮಂದಿ ಮರೆತಿದ್ದಾರೆ. ಕೂಡಲೇ ರಾಜೀನಾಮೆ ಕೊಡಿರೆಂದು ಅವರು ಕೇಳಲಿಲ್ಲ. ತಾವು ಕಾಂಗ್ರೆಸ್ಸಿನ ಪಕ್ಷದವರೆಂದು ಬಹಿರಂಗವಾಗಿ ಸಾರಿರೆಂದರು. ಮುಂಬಯಿ ಹೈಕೋರ್ಟಿನ ನ್ಯಾಯಾಧೀಶರಾಗಿದ್ದ ಮಹಾದೇವ ಗೋವಿಂದ ರಾನಡೆಯವರು ಹುದ್ದೆ ಬಿಡದೆಯೂ ತಮ್ಮ ನಿಲುವನ್ನು ಮುಚ್ಚಿಡಲಿಲ್ಲವೆಂದು ಉದಾಹರಣೆ ಕೊಟ್ಟರು. ಸಿಪಾಯಿಗಳಿಗೆ ಹೇಳಿದ್ದು, ನಮ್ಮ ಜನರ ಮೇಲೆ ಮಾತ್ರ ಗುಂಡು ಹಾರಿಸಬೇಡಿರೆಂದು.

ಈ ತಕ್ಕಡಿ ಸೂಕ್ಷ್ಮವಾದದ್ದು. ಕೆಲಸ ಬಿಟ್ಟೆಯಾ ಎಂದು ಕೇಳುವುದಿಲ್ಲ; ನಿನ್ನ ಮನಸ್ಸಿನಲ್ಲಿದ್ದದ್ದನ್ನು ಹೇಳಿದೆಯಾ, ಮಾಡಬಾರದ್ದನ್ನು ಮಾಡುವುದಿಲ್ಲವೆಂದೆಯಾ ಎಂದು ಕೇಳುತ್ತದೆ. ಅಜ್ಜ ಅಂಥ ಪತ್ರ ಬರೆಯಲಿಲ್ಲ. ಬರೆದಿದ್ದರೆ ಎರಡು ಮನೆಗಳು ಉಪವಾಸ ಬೀಳುತ್ತಿದ್ದವೇನೋ. ಆದರೂ ಬರೆಯಲಿಲ್ಲವೆಂಬುದು ಸತ್ಯ.

ಆ ಮೈದಾನದ ಸಭೆಯಾಗಿ ಮೂರು ವಾರ ತುಂಬುವುದರೊಳಗೆ, ಆಗಸ್ಟ್ 27ರಿಂದ, ಉಷಾ ಮೆಹತಾ ಎಂಬ 22 ವರ್ಷದ ತರುಣಿ ಸಂಗಡಿಗರೊಂದಿಗೆ ಈ ನಗರದಲ್ಲಿ ಗುಪ್ತವಾಗಿ ಕಾಂಗ್ರೆಸ್ ರೇಡಿಯೋ ನಡೆಸಿದಳು. ಆಕೆಯ ತಂದೆ ಬ್ರಿಟಿಷರ ಕೈಕೆಳಗೆ ನ್ಯಾಯಾಧೀಶರಾಗಿದ್ದವರು. ಆ ಪಗಾರದ ಅನ್ನದಲ್ಲೇ ಬೆಳೆದ ಮಗಳು ಆ ಆಳ್ವಿಕೆಗೇ ಸವಾಲಾದಳು. ನವೆಂಬರ್ 12ರಂದು ಪೋಲೀಸರು ಅವರನ್ನು ಹಿಡಿದದ್ದು ಕೂಡ ಒಳಗಿನ ತಂತ್ರಜ್ಞನೊಬ್ಬ ಸುಳಿವು ಕೊಟ್ಟುದರಿಂದ. ಆಕೆಗೆ ನಾಲ್ಕು ವರ್ಷ ಸಜೆಯಾಯಿತು. ನಂಬಿದ ಸಂಗಡಿಗರನ್ನು ಹಿಡಿದುಕೊಟ್ಟ ಆ ತಂತ್ರಜ್ಞನನ್ನೂ ನ್ಯಾಯಪೀಠದಲ್ಲಿ ಕುಳಿತ ತಂದೆಯನ್ನೂ ಒಂದೇ ತಕ್ಕಡಿಯಲ್ಲಿಡುವುದು ನ್ಯಾಯವಲ್ಲ.

ನಮ್ಮ ಕರಾವಳಿಯ ಇಬ್ಬರನ್ನು ನೆನೆಯೋಣ. ಬೆನಗಲ್ ನರಸಿಂಗ ರಾಯರು ಮತ್ತು ಹರಿ ವಿಷ್ಣು ಕಾಮತರು, ಇಬ್ಬರೂ ಮಂಗಳೂರಿನ ಕಡೆಯವರು, ಇಬ್ಬರೂ ಐ. ಸಿ. ಎಸ್. ಪಾಸಾದವರು. ರಾಯರು ಕೊನೆಯವರೆಗೂ ಸೇವೆಯಲ್ಲೇ ಉಳಿದರು, ‘ಸರ್’ ಪದವಿಯನ್ನೂ ಪಡೆದರು. ಕಾಮತರು 1938ರಲ್ಲಿ ಹುದ್ದೆಯನ್ನು ಬಿಸುಟು ಸುಭಾಷಚಂದ್ರ ಬೋಸರ ಬಳಗ ಸೇರಿದರು. ಮುಂದೆ ಸ್ವತಂತ್ರ ಭಾರತದ ಸಂವಿಧಾನಕ್ಕೆ ಮೊದಲ ಕರಡು ಸಿದ್ಧಪಡಿಸಿದವರು ರಾಯರು. ಸಂವಿಧಾನ ಸಭೆಯಲ್ಲಿ ಕುಳಿತು, ತುರ್ತು ಪರಿಸ್ಥಿತಿಯ ಕಲಮುಗಳು ಪ್ರಜೆಯ ಸ್ವಾತಂತ್ರ್ಯಕ್ಕೆ ಕುತ್ತೆಂದು ಗುಡುಗಿದವರು ಕಾಮತರು. ದೇಶಕ್ಕೆ ರಾಯರ ಕಸುಬೂ ಬೇಕಿತ್ತು, ಕಾಮತರ ಕೆಚ್ಚೂ ಬೇಕಿತ್ತು. ಹಾಗೆಂದು ಇಬ್ಬರೂ ತೆತ್ತ ಬೆಲೆ ಸಮವಲ್ಲ. ಬೆಲೆ ತೆತ್ತವರಿಗೆ ಗೌರವ ಹೆಚ್ಚು ಸಲ್ಲಬೇಕಾದದ್ದೇ.

“ಉಪ್ಪು ತಿಂದ ಮನೆಗೆ ಎರಡೆಣಿಸಬಾರದು” ಎಂದು ಆಗಿನ ಹಿರಿಯರನೇಕರು ನೌಕರಿಯನ್ನು ಸಮರ್ಥಿಸುತ್ತಿದ್ದರು. ಆದರೆ ಆ ಉಪ್ಪು ಯಾರದು? ಅಂಕೋಲೆಯ ಕಡಲಿನದು, ಅದಕ್ಕೆ ಕರ ತೆತ್ತವರೂ ಅಂಕೋಲೆಯವರೇ. ಪಗಾರ ಬಂದದ್ದು ಲಂಡನ್ನಿನಿಂದಲ್ಲ, ರೈತನ ತೀರ್ವೆಯಿಂದ. ಋಣವಿದ್ದದ್ದು ಆ ರೈತನಿಗೆ. 1946ರ ಫೆಬ್ರವರಿ 18ರಂದು ಇದೇ ಮುಂಬಯಿಯಲ್ಲಿ ತಲ್ವಾರ್ ನೌಕಾಶಾಲೆಯ ನಾವಿಕರು ಕೆಟ್ಟ ಊಟದ ದೂರಿನಿಂದ ಮುಷ್ಕರ ಆರಂಭಿಸಿ ಆಳ್ವಿಕೆಯನ್ನೇ ಪ್ರಶ್ನಿಸಿದಾಗ, ಈ ಲೆಕ್ಕ ಅವರಿಗೂ ತಿಳಿದಿತ್ತೆಂದು ತೋರುತ್ತದೆ.

ಪಗಾರದಾರನು ಏನೂ ಮಾಡಲಾರನೆಂಬುದೂ ಸುಳ್ಳು. ನಾಜಿಗಳು ನಾರ್ವೆಯನ್ನು ಆಕ್ರಮಿಸಿದ್ದಾಗ, 1942ರಲ್ಲಿ, ಅವರ ಕೈಗೊಂಬೆಯಾಗಿದ್ದ ಕ್ವಿಸ್ಲಿಂಗನು ಶಿಕ್ಷಕರೆಲ್ಲ ತನ್ನ ಹೊಸ ಸಂಘ ಸೇರಬೇಕೆಂದು ಕಟ್ಟಳೆ ಮಾಡಿದ. ಸಾವಿರಾರು ಶಿಕ್ಷಕರು ಒಪ್ಪುವುದಿಲ್ಲವೆಂದು ಪತ್ರ ಬರೆದರು. ನೂರಾರು ಮಂದಿಯನ್ನು ದೂರದ ಉತ್ತರದ ಕಿರ್ಕೆನೆಸ್ಸಿಗೆ ಕೂಲಿಗೆ ಅಟ್ಟಿದರು. ಆದರೂ ಅವರು ಬಗ್ಗಲಿಲ್ಲ. ಕ್ವಿಸ್ಲಿಂಗನ ಯತ್ನ ಮುರಿದುಬಿತ್ತು. ಅವನ ಹೆಸರು ದೇಶದ್ರೋಹಕ್ಕೇ ಪರ್ಯಾಯವಾಗಿ ಉಳಿಯಿತು. ಅವರು ಒಬ್ಬೊಬ್ಬರೇ ಆಗಿರಲಿಲ್ಲ, ಎಲ್ಲರೂ ಕೂಡಿ ಬರೆದರು. ಅಜ್ಜನ ಮೇಜಿನ ಆಚೆ ಈಚೆ ಕುಳಿತವರೆಲ್ಲ ಅಂದು ಲೇಖಣಿ ಕೆಳಗಿಟ್ಟಿದ್ದರೆ ಏನಾಗುತ್ತಿತ್ತೆಂದು ನಾವು ಆಗಾಗ ಯೋಚಿಸುವುದುಂಟು.

1937ರಲ್ಲಿ ಬಾಳಾಸಾಹೇಬ ಖೇರರ ಮಂತ್ರಿಮಂಡಲ ಬಂದ ಮೇಲೆ ಜಪ್ತಿಯಾದ ಜಮೀನುಗಳನ್ನು ಹಿಂದಿರುಗಿಸುವ ಏರ್ಪಾಡಾಯಿತು. ನಮ್ಮ ಗದ್ದೆಯೂ ಮರಳಿತು. ಹಳೆಯ ಯಾದಿಗಳಲ್ಲಿ ಸರ್ವೆ ನಂಬರು ಸ್ಪಷ್ಟವಾಗಿದ್ದುದರಿಂದ ತಕರಾರು ಬರಲಿಲ್ಲವೆಂದು ಅಜ್ಜ ಸಮಾಧಾನಪಟ್ಟರಂತೆ. ಅದರಿಂದ ಆ ನಕಲು ಪುಣ್ಯಕಾರ್ಯವಾಯಿತೆಂದು ಮಾತ್ರ ಅವರು ಎಂದೂ ಹೇಳಲಿಲ್ಲ.

ಆ ಯಾದಿಯ ಸಂಗತಿಯನ್ನು ಅಜ್ಜ ಅಣ್ಣನಿಗೂ ಹೇಳಿದ್ದರು. ದೊಡ್ಡಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, “ತಮ್ಮಾ, ನೀನು ಬರೆಯದಿದ್ದರೆ ಇನ್ನೊಬ್ಬ ಬರೆಯುತ್ತಿದ್ದ. ಆದರೆ ನೀನು ಬರೆಯಬಾರದಿತ್ತು” ಎಂದರಂತೆ. ಆಮೇಲೆ ಇಬ್ಬರೂ ಒಂದೇ ಸಾಲಿನಲ್ಲಿ ಊಟಕ್ಕೆ ಕುಳಿತರಂತೆ. ಆ ಮನೆಯ ಜಗಲಿಯಲ್ಲಿ ಎರಡು ಚಿತ್ರಗಳನ್ನೂ ಜೊತೆಯಾಗಿ ತೂಗುಹಾಕಿಸಿದವರು ದೊಡ್ಡಜ್ಜನೇ.

ಮುಂದಿನ ಚೌತಿಗೆ ಹೋದಾಗ ಹುಡುಗನಿಗೆ ಹೇಳಬೇಕೆಂದಿದ್ದೇವೆ: ಹೌದು ಮಗು, ಮಾಡಿದ್ದು ಅವರ ಚಾಕರಿಯೇ. ನಿಮ್ಮ ಮನೆಗೆ ಅನ್ನ ಕಳುಹಿಸಿದ್ದೂ ಅವರೇ, ಬರೆಯಬಾರದ ಒಂದು ಕಾಗದ ಬರೆದದ್ದೂ ಅವರೇ. ಎರಡನ್ನೂ ನೆನಪಿಟ್ಟುಕೋ. ಇಂದು ನಮ್ಮದೇ ಸರಕಾರವಿದೆ, ನಮ್ಮದೇ ಕಾನೂನಿದೆ. ಆದರೂ ಬಡವನೊಬ್ಬನ ಹೆಸರಿರುವ ಕಾಗದ ಮೇಜಿಗೆ ಬಂದಾಗ ಒಂದು ಗಳಿಗೆ ಲೇಖಣಿ ತಡೆದು ಓದುವ ರೂಢಿಯನ್ನು ನಾವು ಅಜ್ಜನ ಆ ಯಾದಿಯಿಂದಲೇ ಕಲಿತೆವು.