ಅಟ್ಟದ ಮೇಲಿನ ಟ್ರಂಪೆಟ್ಟು ಗುಜರಿಗೆ ಹಾಕೋ ಮುನ್ನ: ತುಟಿ, ಉಸಿರು, ಹಿತ್ತಾಳೆಯ ಲೆಕ್ಕ

ಹಾಲುರಾಮೇಶ್ವರ (ಹೊಸದುರ್ಗ ತಾ.): ಮದುವೆ ಸೀಸನ್ನು ಮುಗಿದು ಆಷಾಢ ಬಂತೆಂದರೆ ಬ್ಯಾಂಡ್‌ಸೆಟ್ಟಿನವರ ಟ್ರಂಪೆಟ್ಟು ಪೆಟ್ಟಿಗೆ ಸೇರುತ್ತದೆ. ಶ್ರಾವಣದಲ್ಲಿ ಮತ್ತೆ ಕರೆ ಬಂದಾಗ ತೆಗೆದು ಊದಿದರೆ ಎರಡು ತೊಂದರೆ. ಒಂದು, ಒತ್ತಿದ ಗುಂಡಿ ಕೆಳಗೆ ಹೋದದ್ದು ಮೇಲೆ ಬರೋದಿಲ್ಲ. ಎರಡು, ಅರ್ಧ ಗಂಟೆ ಆಗೋದ್ರೊಳಗೆ ತುಟಿ ಸೋತು, ಮೇಲಿನ ಸ್ವರದ ಜಾಗದಲ್ಲಿ ಬರೀ ಗಾಳಿ ಬರುತ್ತದೆ. ಮೊದಲನೆಯದಕ್ಕೆ ನಾಲ್ಕು ಹನಿ ಎಣ್ಣೆ ಸಾಕು. ಎರಡನೆಯದಕ್ಕೆ ಯಾವ ಅಂಗಡಿಯಲ್ಲೂ ಔಷಧಿ ಸಿಗೋದಿಲ್ಲ.

ಡಿಜೆ ಬಂದ ಮೇಲೆ ಬ್ಯಾಂಡಿನವರನ್ನು ಕರೆಯೋರು ಕಡಿಮೆ ಅನ್ನೋ ಮಾತು ಎಲ್ಲ ಊರಲ್ಲೂ ಇದೆ. ಊದೋರು ಬಿಟ್ಟ ಮನೆಗಳಲ್ಲಿ ಹಳೇ ಟ್ರಂಪೆಟ್ಟು, ಕಾರ್ನೆಟ್ಟು ಅಟ್ಟ ಸೇರುತ್ತವೆ, ಆಮೇಲೆ ಒಂದು ದಿನ ಗುಜರಿ ಗಾಡಿಗೆ. ಟ್ರಂಪೆಟ್ಟಿನ ತೂಕ ಒಂದು ಕೆಜಿಗಿಂತ ಸ್ವಲ್ಪ ಹೆಚ್ಚು, ಅಷ್ಟೇ. ತೂಕಕ್ಕೆ ಸಿಗೋದು ಕೆಲವು ನೂರು ರೂಪಾಯಿ. ಅದೇ ಓಣಿಯಲ್ಲಿ ಕಲಿಯೋ ಆಸೆಯಿದ್ದೂ ಹೊಸ ವಾದ್ಯ ಕೊಳ್ಳಲಾಗದ ಹುಡುಗ ಇರಬಹುದು. ಹಳೇ ವಾದ್ಯ ಬಹುಪಾಲು ರಿಪೇರಿ ಆಗುತ್ತೆ, ಹಾಳಾದ ತುಟಿ ಆಗೋದು ಕಷ್ಟ. ಇವೆರಡೂ ಹಾಳಾಗೋದು ಮಾತ್ರ ಸಣ್ಣಪುಟ್ಟ ತಪ್ಪು ತಿಳಿವಳಿಕೆಯಿಂದ.

ದಾಸಯ್ಯನ ಶಂಖದಿಂದ ಮೂರು ಗುಂಡಿಯವರೆಗೆ

ಟ್ರಂಪೆಟ್ಟಿನಲ್ಲಿ ಸದ್ದು ಹುಟ್ಟೋದು ಹಿತ್ತಾಳೆಯಲ್ಲಲ್ಲ, ತುಟಿಯಲ್ಲಿ. ಬಿಗಿಹಿಡಿದ ಎರಡು ತುಟಿಗಳ ನಡುವೆ ಉಸಿರು ನುಗ್ಗಿದಾಗ ಅವು ನಡುಗುತ್ತವೆ, ಕೊಳವೆ ಆ ನಡುಕವನ್ನು ದೊಡ್ಡದು ಮಾಡಿ ಹೊರಗೆ ಕಳಿಸುತ್ತದೆ. ದಾಸಯ್ಯ ಶಂಖ ಊದೋದೂ ಇದೇ ರೀತಿ, ಜಾತ್ರೆಯಲ್ಲಿ ಕೊಂಬು ಕಹಳೆ ಊದೋದೂ ಇದೇ ರೀತಿ. ಈ ವಿದ್ಯೆ ನಮಗೆ ಬ್ರಿಟಿಷರು ತಂದದ್ದೇನಲ್ಲ. ಹಳೇ ಶಾಸನಗಳಲ್ಲಿ ಸಾಮಂತರಿಗೆ 'ಪಂಚಮಹಾಶಬ್ದ'ದ ಗೌರವ ಇತ್ತು ಅಂತ ಬರುತ್ತದಲ್ಲ, ಆ ಐದರಲ್ಲಿ ಶೃಂಗ ಅಂದರೆ ಕೊಂಬು ಒಂದು, ಶಂಖ ಇನ್ನೊಂದು.

ಆದರೆ ಕಹಳೆಯಲ್ಲಿ ಹಾಡು ನುಡಿಸೋಕೆ ಯಾಕೆ ಆಗಲ್ಲ? ಒಂದೇ ಉದ್ದದ ಕೊಳವೆ ಎಲ್ಲ ಸ್ವರವನ್ನೂ ಕೊಡೋದಿಲ್ಲ. ತುಟಿ ಬಿಗಿ ಮಾಡುತ್ತಾ ಹೋದರೆ ಸ, ಪ, ಮೇಲಿನ ಸ, ಗ, ಮತ್ತೆ ಪ, ಹೀಗೆ ಮೆಟ್ಟಿಲು ಹಾರಿ ಹಾರಿ ಸ್ವರ ಸಿಗುತ್ತದೆ. ನಡುವಿನ ರಿ, ಮ, ದ, ನಿ ಬೇಕೆಂದರೆ ಕೊಳವೆಯ ಉದ್ದ ಬದಲಾಗಬೇಕು. ಎನ್‌ಸಿಸಿ ಪರೇಡಿನ ಬ್ಯೂಗಲ್ ಯಾವಾಗಲೂ ಅದೇ ನಾಲ್ಕೈದು ಸ್ವರದಲ್ಲೇ ಸುತ್ತೋದು ಇದಕ್ಕೇ.

ಇದಕ್ಕೆ ಪರಿಹಾರ ಸಿಕ್ಕಿದ್ದು ಜರ್ಮನಿಯಲ್ಲಿ. ಸ್ಟೋಲ್ಜೆಲ್ ಮತ್ತು ಬ್ಲೂಮೆಲ್ ಎಂಬಿಬ್ಬರು 1818ರಲ್ಲಿ ವಾಲ್ವಿಗೆ ಪೇಟೆಂಟ್ ಪಡೆದರು. ಈಗ ನಮ್ಮ ಬ್ಯಾಂಡಿನವರ ಕೈಲಿರೋ ಪಿಸ್ಟನ್ನಿನ ಮಾದರಿ 1839ರಲ್ಲಿ ಪ್ಯಾರಿಸ್ಸಿನ ಪೆರಿನೆ ರೂಪಿಸಿದ್ದು. ಗುಂಡಿ ಒತ್ತಿದರೆ ಗಾಳಿ ಒಂದು ಬಳಸುದಾರಿಯ ಕೊಳವೆಗೂ ಹೋಗಿ ಬರುತ್ತದೆ, ಉದ್ದ ಹೆಚ್ಚುತ್ತದೆ, ಸ್ವರ ಇಳಿಯುತ್ತದೆ. ನಡುವಿನ ಗುಂಡಿ ಅರ್ಧ ಸ್ವರ ಇಳಿಸುತ್ತೆ, ಮೊದಲನೆಯದು ಒಂದು ಸ್ವರ, ಮೂರನೆಯದು ಒಂದೂವರೆ. ಮೂರು ಗುಂಡಿಯಲ್ಲಿ ಇಡೀ ಸಪ್ತಕ ಬರೋ ಗುಟ್ಟು ಇಷ್ಟೇ. ಒಂದು ಮತ್ತು ಮೂರು ಸೇರಿಸಿ ಒತ್ತಿದಾಗ, ಮೂರೂ ಒತ್ತಿದಾಗ ಸ್ವರ ಸ್ವಲ್ಪ ಏರಿಯೇ ನಿಲ್ಲುತ್ತದೆ. ಅದನ್ನು ಸರಿಮಾಡೋಕೆ ಮೂರನೇ ಕೊಳವೆಗೆ ಬೆರಳಿನ ಉಂಗುರ ಇರೋದು. ಅದು ಹಿಡಿದುಕೊಳ್ಳೋಕೆ ಮಾತ್ರ ಅಂತ ತಿಳಿದು ವರ್ಷಗಟ್ಟಲೆ ಅಪಸ್ವರ ಊದೋರಿದ್ದಾರೆ.

ಮೈಸೂರು ಅರಮನೆಯಲ್ಲಿ 19ನೇ ಶತಮಾನದಲ್ಲೇ ಪಾಶ್ಚಾತ್ಯ ಬ್ಯಾಂಡ್ ಇತ್ತು. ಮುಂದೆ ನಾಲ್ವಡಿಯವರ ಕಾಲದಲ್ಲಿ ಜರ್ಮನಿಯ ಒಟ್ಟೊ ಷ್ಮಿಟ್ ಅರಮನೆಯ ವಾದ್ಯಮೇಳ ನಡೆಸಿದರು. ಆ ಪರಂಪರೆ ಇವತ್ತು ದಸರಾದಲ್ಲಿ ಕಾಣುವ ಪೊಲೀಸ್ ಬ್ಯಾಂಡಿನಲ್ಲಿ ಉಳಿದಿದೆ. ಕದ್ರಿ ಗೋಪಾಲನಾಥರು ಹುಡುಗರಾಗಿದ್ದಾಗ ಸ್ಯಾಕ್ಸೊಫೋನ್ ಕಂಡದ್ದು ಇದೇ ಅರಮನೆ ಬ್ಯಾಂಡಿನಲ್ಲಿ. ಅಂದಹಾಗೆ ಸ್ಯಾಕ್ಸೊಫೋನ್ ಮೈಯೆಲ್ಲ ಹಿತ್ತಾಳೆಯಾದರೂ ಟ್ರಂಪೆಟ್ಟಿನ ಜಾತಿಯದಲ್ಲ. ಅಲ್ಲಿ ನಡುಗೋದು ಪೀಪಿಯ ಪಟ್ಟಿ, ತುಟಿಯಲ್ಲ. ಹಾಗಾಗಿ ಸ್ಯಾಕ್ಸೊಫೋನಿನವರು ಪಟ್ಟಿ ಬದಲಾಯಿಸಬಹುದು, ಟ್ರಂಪೆಟ್ಟಿನವರಿಗೆ ಬದಲಾಯಿಸೋಕೆ ಏನೂ ಇಲ್ಲ.

ತುಟಿಯ ಸಾಧನೆ

ತುಟಿಯ ಸುತ್ತ ಉಂಗುರದಂತೆ ಒಂದು ಸ್ನಾಯು ಇದೆ. ಅದು ತೆಳು, ಬೇಗ ದಣಿಯುತ್ತದೆ. ದಣಿದಾಗ ಹೆಚ್ಚಿನವರು ಮಾಡೋದು ಒಂದೇ ಕೆಲಸ: ವಾದ್ಯವನ್ನು ತುಟಿಗೆ ಗಟ್ಟಿ ಒತ್ತೋದು. ಆ ಕ್ಷಣಕ್ಕೆ ಮೇಲಿನ ಸ್ವರ ಬಂದುಬಿಡುತ್ತೆ, ಹಾಗಾಗಿ ಅದೇ ಅಭ್ಯಾಸವಾಗುತ್ತದೆ. ಆದರೆ ಒತ್ತಿದಾಗ ತುಟಿಗೆ ರಕ್ತ ಹರಿಯೋದು ನಿಂತು ಇನ್ನೂ ಬೇಗ ಸೋಲುತ್ತೆ, ಮತ್ತೂ ಒತ್ತಬೇಕಾಗುತ್ತೆ. ಅಮೆರಿಕದ ಲೂಯಿ ಆರ್ಮ್‌ಸ್ಟ್ರಾಂಗ್ ಜಗತ್ತಿನ ಹೆಸರಾಂತ ಟ್ರಂಪೆಟ್ ವಾದಕ, ಅವರ ತುಟಿಯೇ ಪದೇಪದೇ ಗಾಯಗೊಂಡಿತ್ತು. ಈ ಸ್ನಾಯು ಹರಿಯುವ ತೊಂದರೆಗೆ ವೈದ್ಯರು ಅವರ ಅಡ್ಡಹೆಸರನ್ನೇ ಇಟ್ಟು 'ಸ್ಯಾಚ್ಮೊ ಸಿಂಡ್ರೋಮ್' ಅಂತ ಕರೆದಿದ್ದಾರೆ.

ಆದ್ದರಿಂದ ಟ್ರಂಪೆಟ್ಟಿನ ಸಾಧನೆ ಅಂದರೆ ಜೋರಾಗಿ ಊದೋದಲ್ಲ, ಮೆತ್ತಗೆ ಊದೋದು. ಮೊದಲು ವಾದ್ಯ ಮುಟ್ಟದೆ ತುಟಿ ಸಡಿಲ ಬಿಟ್ಟು ಕುದುರೆ ಮಾಡಿದಂತೆ 'ಬುರ್ರ್' ಅನ್ನಿಸಬೇಕು. ನೋಡೋರು ನಕ್ಕರೆ ನಗಲಿ. ಆಮೇಲೆ ಎರಡು ನಿಮಿಷ ಮೌತ್‌ಪೀಸ್ ಮಾತ್ರ ಹಿಡಿದು ಊದಿ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರೋದು. ಮೌತ್‌ಪೀಸಿನಲ್ಲೇ ಸ್ವರ ಸರಿಯಾಗಿ ಬಾರದಿದ್ದರೆ ವಾದ್ಯ ಅದನ್ನು ಸರಿಮಾಡಿ ಕೊಡೋದಿಲ್ಲ.

ನಂತರ ನಿಲ್ಲುಸ್ವರ. ಗುಂಡಿ ಮುಟ್ಟದೆ ಬರುವ ಪಂಚಮವನ್ನು ಹಿಡಿದು, ಎಂಟು ಎಣಿಸೋವರೆಗೆ ಅಲುಗದಂತೆ ನಿಲ್ಲಿಸೋದು. ಜೊತೆಗೆ ಶ್ರುತಿ ಇರಲೇಬೇಕು. ಸಾಮಾನ್ಯ ಟ್ರಂಪೆಟ್ಟಿನ ಷಡ್ಜ ಹಾರ್ಮೋನಿಯಂನಲ್ಲಿ ಸಿ ಮನೆಯಿಂದ ಎಣಿಸಿದರೆ ಐದನೇ ಕಪ್ಪು ಮನೆಗೆ ಕೂರುತ್ತದೆ. ಮೊಬೈಲಿನ ತಂಬೂರಿ ಆ್ಯಪಿನಲ್ಲಿ ಅದೇ ಶ್ರುತಿ ಇಟ್ಟುಕೊಂಡರೂ ಆಯಿತು. ಅದಾದ ಮೇಲೆ ಸ-ಪ-ಸ, ಪ-ಸ-ಗ ಅಂತ ಗುಂಡಿಯಿಲ್ಲದೆ, ನಾಲಿಗೆಯಿಲ್ಲದೆ, ಬರೀ ತುಟಿ ಮತ್ತು ಉಸಿರಿನಲ್ಲಿ ಹತ್ತಿ ಇಳಿಯೋದು. ಇಡೀ ಸಾಧನೆಯಲ್ಲಿ ಬೇಜಾರು ತರಿಸೋದು ಇದೇ, ಬಲ ಕೊಡೋದೂ ಇದೇ.

ನಾಲಿಗೆಯ ಕೆಲಸಕ್ಕೆ ನಮ್ಮವರಿಗೆ ಒಂದು ಅನುಕೂಲ ಇದೆ. ಪಾಶ್ಚಾತ್ಯರು ವೇಗದ ಸ್ವರಕ್ಕೆ 'ತು-ಕು ತು-ಕು' ಅಂತಲೂ, ಮೂರರ ಗತಿಗೆ 'ತು-ತು-ಕು' ಅಂತಲೂ ಕಲಿಸುತ್ತಾರೆ. ಮೃದಂಗದ 'ತಕ ತಕ', 'ತಕಿಟ' ಬಾಯಿಗೆ ಬಂದವರಿಗೆ ಇದು ಹೊಸದೇ ಅಲ್ಲ. ಸರಳೆ, ಜಂಟಿ ವರಸೆಗಳನ್ನು ಮೂರು ಕಾಲದಲ್ಲಿ ನುಡಿಸೋ ಪದ್ಧತಿಯೂ ಹಾಗೇ ಹೊಂದುತ್ತದೆ. ಆದರೆ ಗುಂಡಿಯ ಲೆಕ್ಕದಲ್ಲಿ ಮಾಯಾಮಾಳವಗೌಳಕ್ಕಿಂತ ಶಂಕರಾಭರಣದಿಂದ ಶುರುಮಾಡೋದು ಬೆರಳಿಗೆ ಸಲೀಸು. ನೊಟೇಶನ್ ಓದಬಲ್ಲವರಿಗೆ ಫ್ರಾನ್ಸಿನ ಆರ್ಬನ್ 1864ರಲ್ಲಿ ಕಾರ್ನೆಟ್ಟಿಗಾಗಿ ಬರೆದ ಅಭ್ಯಾಸ ಪುಸ್ತಕ ಇದೆ. ಇವತ್ತಿಗೂ ಜಗತ್ತಿನ ಟ್ರಂಪೆಟ್ ಕಲಿಯೋರು ಅದನ್ನೇ ತಿರುವುತ್ತಾರೆ.

ಎಲ್ಲಕ್ಕಿಂತ ಮುಖ್ಯ, ಊದಿದಷ್ಟೇ ಹೊತ್ತು ವಿರಾಮ. ಒಂದೇ ಸಲ ಎರಡು ಗಂಟೆ ಊದೋದಕ್ಕಿಂತ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹದಿನೈದು ಹದಿನೈದು ನಿಮಿಷ ಊದಿದವರ ತುಟಿ ಗಟ್ಟಿಯಾಗುತ್ತದೆ. ಆಷಾಢದಲ್ಲೂ ಧನುರ್ಮಾಸದಲ್ಲೂ ಇಷ್ಟು ನಡೆಸಿಕೊಂಡು ಬಂದರೆ ಸೀಸನ್ನಿನ ಮೊದಲ ಮೆರವಣಿಗೆಯಲ್ಲಿ ಒದ್ದಾಡಬೇಕಾಗಿಲ್ಲ. ಊರೊಳಗೆ ಅಕ್ಕಪಕ್ಕದವರ ಕಾಟ ಅನ್ನೋರಿಗೆ ನಮ್ಮ ಕಡೆ ತೆಂಗಿನ ತೋಟಕ್ಕೇನು ಬರ? ಮನೆಯಲ್ಲೇ ಆದರೆ ಗಂಟೆಯ ಬಾಯಿಗೆ ದಪ್ಪ ಟವೆಲ್ ಇಳಿಬಿಟ್ಟರೂ ಸದ್ದು ತಗ್ಗುತ್ತದೆ.

ಮೆರವಣಿಗೆಯಲ್ಲಿ ಇಬ್ಬರು ಟ್ರಂಪೆಟ್ಟಿನವರಿದ್ದರೆ ಪಲ್ಲವಿ ಒಬ್ಬರು, ಚರಣ ಒಬ್ಬರು ಹಂಚಿಕೊಳ್ಳೋದು ಒಳ್ಳೇದು. ನಡುವೆ ಕ್ಲಾರಿನೆಟ್ಟು ಎಳೆದರೂ ಆಯಿತು. ಬ್ಯಾಂಡ್ ಕರೆಸಿದ ಮನೆಯವರೂ ಇದನ್ನು ತಿಳಿದಿರಬೇಕು. ದುಡ್ಡು ಕೊಟ್ಟಿದ್ದೀವಿ, ನಿಲ್ಲಿಸಬೇಡಿ ಅಂತ ಒಂದೇ ಸಮ ಊದಿಸಿದರೆ ಕಡೆಯ ಅರ್ಧ ಗಂಟೆ, ಅಂದರೆ ಛತ್ರದ ಬಾಗಿಲಿಗೆ ಬಂದಾಗ, ಕೇಳೋದು ಬರೀ ಡ್ರಮ್ಮು.

ಹಳೇ ವಾದ್ಯ ಸಿಕ್ಕರೆ

ಅಟ್ಟದಿಂದ ಇಳಿಸಿದ ಕೂಡಲೇ ಮೊದಲ ತಪ್ಪು ಶುರುವಾಗೋದು ಅಡುಗೆಮನೆಯಲ್ಲಿ. ಹಿತ್ತಾಳೆ ಕೊಡ ಬೆಳಗಿದಂತೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿಬಿಡುತ್ತಾರೆ. ಕೊಡಕ್ಕೆ ಅದು ಸರಿ. ವಾದ್ಯದ ಮೇಲೆ ತೆಳುವಾದ ಮೆರುಗೆಣ್ಣೆಯೋ ಬೆಳ್ಳಿಯ ಲೇಪವೋ ಇರುತ್ತದೆ, ಬೂದಿ ಅದನ್ನು ಗೀರುತ್ತದೆ. ಪಿಸ್ಟನ್ನಿಗೆ ಬೂದಿ ತಾಗಿತೆಂದರೆ ಮುಗಿಯಿತು. ಅದಕ್ಕೂ ಅದರ ಮನೆಗೂ ನಡುವಿನ ಸಂದು ಕೂದಲೆಳೆಗಿಂತ ಕಡಿಮೆ, ಒಮ್ಮೆ ಗೀರಿದರೆ ಗಾಳಿ ಸೋರುತ್ತದೆ. ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಸೋಪು, ಮೆತ್ತನೆ ಬಟ್ಟೆ ಸಾಕು. ಕುದಿವ ನೀರು ಬೇಡ, ಮೆರುಗು ಏಳುತ್ತೆ.

ಎರಡನೇ ತಪ್ಪು ಕೊಬ್ಬರಿ ಎಣ್ಣೆ. ತೆಂಗಿನ ಸೀಮೆಯವರಿಗೆ ಕೈಗೆ ಮೊದಲು ಸಿಗೋದು ಅದೇ. ಆದರೆ ಕೊಬ್ಬರಿ ಎಣ್ಣೆ 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ. ಚಳಿಗಾಲದ ಬೆಳಗಿನ ಮುಹೂರ್ತಕ್ಕೆ ಗುಂಡಿ ಅಂಟಿಕೊಳ್ಳದೆ ಇರುತ್ತಾ? ಪಿಸ್ಟನ್ನಿಗೆ ಸೀಮೆಎಣ್ಣೆಯಷ್ಟು ತೆಳುವಾದ ವಾಲ್ವ್ ಆಯಿಲೇ ಬೇಕು. ಜಾರುಕೊಳವೆಗಳಿಗೆ ವ್ಯಾಸಲೀನ್ ಸಾಕು. ಪಿಸ್ಟನ್ನಿನ ಮೇಲೆ 1, 2, 3 ಅಂತ ಅಂಕಿ ಇರುತ್ತೆ. ತೆಗೆದು ಹಾಕುವಾಗ ಅದಲು ಬದಲಾದರೆ ಗಾಳಿಯೇ ಹೋಗೋದಿಲ್ಲ, ಆಗ ವಾದ್ಯ ಕೆಟ್ಟಿದೆ ಅಂತ ಗುಜರಿಗೆ ಹಾಕೋದೂ ಉಂಟು.

ವಾದ್ಯ ಜೀವ ಹಿಡಿದಿದೆಯೋ ಇಲ್ಲವೋ ನೋಡೋ ದಾರಿ ಸುಲಭ. ಗುಂಡಿ ಒತ್ತದೆ ಅದರ ಪಕ್ಕದ ಸಣ್ಣ ಕೊಳವೆಯನ್ನು ಸ್ವಲ್ಪ ಹೊರಗೆಳೆದು, ಒಂದೆರಡು ಕ್ಷಣ ಬಿಟ್ಟು ಗುಂಡಿ ಒತ್ತಬೇಕು. 'ಟಪ್' ಅಂದರೆ ಪಿಸ್ಟನ್ ಗಾಳಿ ಹಿಡಿಯುತ್ತಿದೆ. ಸದ್ದೇ ಇಲ್ಲದಿದ್ದರೆ ಸವೆದಿದೆ. ಮೇಲ್ಮೈ ತಗ್ಗುಗಳಿಗೆ ಹೆದರಬೇಕಿಲ್ಲ, ತೆಗೆಸಬಹುದು. ಹೆದರಬೇಕಾದ್ದು ಮೌತ್‌ಪೀಸ್ ಸಿಕ್ಕಿಸುವ ಮೊದಲ ಕೊಳವೆಯ ಮೇಲಿನ ಕೆಂಪು ಚುಕ್ಕೆಗಳಿಗೆ. ವಾದ್ಯದ ಹಿತ್ತಾಳೆ ಸಾಮಾನ್ಯವಾಗಿ 70 ಪಾಲು ತಾಮ್ರ, 30 ಪಾಲು ಸತು. ಎಂಜಲು ಒಳಗೇ ನಿಂತರೆ ಸತು ಕರಗಿಹೋಗಿ ತಾಮ್ರದ ಕೆಂಪು ಹೊರಗೆ ಕಾಣುತ್ತದೆ, ಕಡೆಗೆ ತೂತು ಬೀಳುತ್ತದೆ. ಎಲೆಅಡಿಕೆ ಜಗಿದ ಬಾಯಲ್ಲಿ ಊದಬಾರದು ಅಂತ ಹಳಬರು ಬೈಯೋದು ಸುಮ್ಮನಲ್ಲ. ಹಾಗಂತ ಆ ಒಂದು ಕೊಳವೆ ಬದಲಾಯಿಸಿದರೆ ವಾದ್ಯ ಉಳಿಯುತ್ತದೆ. ಮೌತ್‌ಪೀಸ್ ಸಿಕ್ಕಿಕೊಂಡಿದ್ದರೆ ಇಕ್ಕಳ ಹಾಕಿ ತಿರುಚಬೇಡಿ, ಮುರಿಯೋದು ಆ ಕೊಳವೆಯೇ.

ಗಂಟೆಯ ಮೇಲಿನ ಬರಹ ಓದಿ. ನಾದಿರ್ ಅಲಿ ಅಂತಿದ್ದರೆ ಅದು ಉತ್ತರಪ್ರದೇಶದ ಮೀರತ್ತಿನದು. ಬ್ರಿಟಿಷ್ ಸೇನೆಯ ಬ್ಯಾಂಡಿನಲ್ಲಿದ್ದ ನಾದಿರ್ ಅಲಿ 1885ರಲ್ಲಿ ಶುರುಮಾಡಿದ ಕಂಪನಿ ಅದು. ಮೀರತ್ತಿನ ಜಾಲಿ ಕೋಠಿ ಬೀದಿ ಇವತ್ತಿಗೂ ಬ್ಯಾಂಡ್ ವಾದ್ಯಗಳಿಗೆ ಹೆಸರುವಾಸಿ. ಬೆಸನ್ ಅಥವಾ ಬೂಸಿ ಆ್ಯಂಡ್ ಹಾಕ್ಸ್ ಅಂತ ಲಂಡನ್ ಹೆಸರಿದ್ದರೆ ತೂಕಕ್ಕೆ ಹಾಕೋ ಮಾತೇ ಬೇಡ. ಬೂಸಿ ಮತ್ತು ಹಾಕ್ಸ್ ಕಂಪನಿಗಳು ಒಂದಾದದ್ದು 1930ರಲ್ಲಿ, ಹಾಗಾಗಿ ಎರಡೂ ಹೆಸರು ಜೊತೆಗಿದ್ದರೆ ವಾದ್ಯ ಅದಕ್ಕಿಂತ ಹಳೆಯದಲ್ಲ.

ಇಂಥ ಲಂಡನ್ ವಾದ್ಯಗಳಲ್ಲಿ ಒಂದು ಮೋಸ ಇದೆ. ಬ್ರಿಟಿಷ್ ಹಿತ್ತಾಳೆ ಬ್ಯಾಂಡುಗಳು 1960ರ ದಶಕದವರೆಗೂ ಎತ್ತರದ ಶ್ರುತಿಯಲ್ಲಿ, ಅಂದರೆ ಈಗಿನ 440ರ ಬದಲು 452ರ ಆಸುಪಾಸಿನಲ್ಲಿ ನುಡಿಸುತ್ತಿದ್ದವು. ಅಂಥ ವಾದ್ಯ ಈಗಿನ ಕೀಬೋರ್ಡಿಗಿಂತ ಹತ್ತಿರ ಹತ್ತಿರ ಕಾಲು ಸ್ವರ ಏರಿರುತ್ತದೆ. ಊದೋನ ತಪ್ಪು ಅಂತ ಬೈಸಿಕೊಳ್ಳೋದು ಪಾಪ ಅವನು. ಶ್ರುತಿ ಕೊಳವೆಯನ್ನು ಸುಮಾರು ಎರಡು ಸೆಂಟಿಮೀಟರ್ ಹೊರಗೆಳೆದು, ಮೂರು ಗುಂಡಿಗಳ ಕೊಳವೆಗಳನ್ನೂ ಚೂರು ಚೂರು ಎಳೆದರೆ ಬಹುಮಟ್ಟಿಗೆ ಸರಿಹೋಗುತ್ತದೆ. ಎಳೆದರೂ ಹೊಂದದಿದ್ದರೆ ಹಾಡಿಗೆ ಬಾರದು, ಆದರೆ ಒಬ್ಬರೇ ಕೂತು ಕಲಿಯೋಕೆ ಅದಕ್ಕೇನೂ ಅಡ್ಡಿಯಿಲ್ಲ.

ಹಳೇ ವಾದ್ಯ ಕಲಿಯೋ ಮಕ್ಕಳ ಕೈಗೆ ಕೊಡುವಾಗ ಮೌತ್‌ಪೀಸ್ ಮಾತ್ರ ಪ್ರತಿಯೊಬ್ಬರಿಗೂ ಬೇರೆ ಬೇರೆ ಇರಲಿ. ಒಬ್ಬರ ಎಂಜಲು ಇನ್ನೊಬ್ಬರ ಬಾಯಿಗೆ ಹೋಗಬಾರದು ಅನ್ನೋದು ಒಂದು ಕಾರಣ. ಅಂಚು ಸವೆದು ಲೇಪ ಎದ್ದ ಮೌತ್‌ಪೀಸ್ ತುಟಿ ಕೊಯ್ಯುತ್ತದೆ ಅನ್ನೋದು ಇನ್ನೊಂದು.