ವೃದ್ಧಾಪ್ಯದ ಮನಃಶಾಂತಿ ಮತ್ತು ಬಯೋಫೀಡ್‌ಬ್ಯಾಕ್

ಮಕ್ಕಳು ಉದ್ಯೋಗನಿಮಿತ್ತ ಪಟ್ಟಣ ಸೇರಿದ ಮೇಲೆ ಅರಸೀಕೆರೆ ಸೀಮೆಯ ತೆಂಗಿನ ತೋಟಗಳಲ್ಲಿ ಉಳಿದ ವೃದ್ಧರಿಗೆ ನಿದ್ರಾಹೀನತೆ, ಎದೆಬಡಿತ, ಕಾರಣ ತಿಳಿಯದ ಕಳವಳಗಳು ಒದಗುವುದುಂಟು. ಇವನ್ನು ವಯೋಧರ್ಮವೆಂದು ಕಡೆಗಣಿಸುವುದು ರೂಢಿ. ಆದರೆ ಮುಪ್ಪಿನಲ್ಲಿಯೂ ದೇಹ ಮನಸ್ಸುಗಳು ಹೊಸದನ್ನು ಕಲಿಯಬಲ್ಲವೆಂಬುದಕ್ಕೆ ಬಯೋಫೀಡ್‌ಬ್ಯಾಕ್ ಎಂಬ ತರಬೇತಿ ಒಂದು ನಿದರ್ಶನ.

ಮನಸ್ಸು ಕಲಕಿದಾಗ ನಾಡಿ ತೀವ್ರವಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ಬೆರಳುಗಳು ತಣ್ಣಗಾಗುತ್ತವೆ. ಈ ಸೂಕ್ಷ್ಮ ವ್ಯತ್ಯಾಸಗಳನ್ನು ಯಂತ್ರವು ಗ್ರಹಿಸಿ, ಧ್ವನಿಯಾಗಿಯೋ ರೇಖೆಯಾಗಿಯೋ ತೋರಿಸುತ್ತದೆ. ನಿಮಿಷಕ್ಕೆ ಸುಮಾರು 6 ಬಾರಿಯಂತೆ ನಿಧಾನವಾಗಿ ಉಸಿರಾಡಿದಾಗ, ಉಸಿರಿನೊಡನೆ ನಾಡಿಯ ವೇಗವೂ ಲಯಬದ್ಧವಾಗಿ ಏರಿಳಿಯುವುದನ್ನು ಅಭ್ಯಾಸಿಯು ಕಣ್ಣಾರೆ ಕಾಣಬಹುದು. ವಯಸ್ಸಾದಂತೆ ಈ ಏರಿಳಿತವು ಕುಗ್ಗುವುದರಿಂದ ವೃದ್ಧರಿಗೆ ಈ ಅಭ್ಯಾಸ ವಿಶೇಷವಾಗಿ ಗಮನಾರ್ಹವಾದುದು.

ಭಾರತೀಯ ಮೂಲದ ವೈದ್ಯೆ ಚಂದ್ರಾ ಪಟೇಲ್ ಅವರು ಇಂಗ್ಲೆಂಡಿನಲ್ಲಿ 20 ಮಂದಿ ರಕ್ತದೊತ್ತಡದ ರೋಗಿಗಳಿಗೆ ಯೋಗದ ವಿಶ್ರಾಂತಿಕ್ರಮದೊಡನೆ ಈ ತರಬೇತಿಯನ್ನು ನೀಡಿ, ಅದರ ಫಲವನ್ನು 1973ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಹಲವರ ರಕ್ತದೊತ್ತಡ ಇಳಿದಿತ್ತು. ನಮ್ಮ ನಾಡಿನಲ್ಲಿ, 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇಂತಹ ತರಬೇತಿಗೆ ಅವಕಾಶವುಂಟು.

ಯಂತ್ರವು ಕನ್ನಡಿಯಿದ್ದಂತೆ, ತಿದ್ದಿಕೊಳ್ಳಬೇಕಾದವರು ನಾವೇ. ಒಮ್ಮೆ ಕಲಿತ ಮೇಲೆ ಕನ್ನಡಿಯ ಹಂಗಿಲ್ಲ. ಮನೆಯ ಜಗಲಿಯಲ್ಲಿಯೇ ಅಭ್ಯಾಸ ಮುಂದುವರಿಯಬಹುದು. ಆದರೆ ಶಮನ ಕಂಡಿತೆಂದು ವೈದ್ಯರನ್ನು ಕೇಳದೆ ಔಷಧವನ್ನು ಬಿಡಲಾಗದು. ಒಂಟಿತನವನ್ನಂತೂ ಯಾವ ಯಂತ್ರವೂ ನೀಗಲಾರದು. ಉಸಿರನ್ನು ಹದಗೊಳಿಸಿಕೊಳ್ಳುವುದು ವೃದ್ಧರ ಸಾಧನೆಯಾದರೆ, ಅವರ ಮಾತಿಗೆ ಕಿವಿಯಾಗುವುದು ಮಕ್ಕಳ ಹೊಣೆ.