ಹೊಟ್ಟೆಯ ಮೇಲಣ ದ್ವಾರವೂ ಇರುಳಿನ ನಿದ್ರೆಯೂ

ನಾವು ಉಂಡ ಅನ್ನ ಬಾಯಿಯಿಂದ ಗುದದವರೆಗೆ ಸಾಗುವ ಹಾದಿ ಬಹಳ ಉದ್ದವಾದುದು. ಅರ್ಬುದ ರೋಗದಿಂದಲೋ ಕರುಳಿನ ಹುಣ್ಣಿನಿಂದಲೋ ಅಪಘಾತದಿಂದಲೋ ಆ ಹಾದಿಯ ಕೊನೆಯ ಭಾಗ ಕೆಟ್ಟರೆ, ಶಸ್ತ್ರವೈದ್ಯರು ಕರುಳಿನ ತುದಿಯನ್ನು ಹೊಟ್ಟೆಯ ಮೇಲಕ್ಕೆ ತಂದು ಚರ್ಮಕ್ಕೆ ಹೊಲಿಯುವುದುಂಟು. ಈ ಹೊಸ ದ್ವಾರವೇ ಸ್ಟೋಮಾ. ದೊಡ್ಡ ಕರುಳಿನಿಂದ ಮಾಡಿದ್ದಕ್ಕೆ ಕೊಲಾಸ್ಟಮಿಯೆಂದೂ, ಸಣ್ಣ ಕರುಳಿನ ಕೊನೆಯಿಂದ ಮಾಡಿದ್ದಕ್ಕೆ ಇಲಿಯಾಸ್ಟಮಿಯೆಂದೂ ಹೆಸರು. ಇಲ್ಲಿ ಮಲವನ್ನು ತಡೆದು ಹಿಡಿಯುವ ಸ್ನಾಯುವಿಲ್ಲ. ಆದುದರಿಂದ ಚರ್ಮಕ್ಕೆ ಚೀಲವೊಂದನ್ನು ಅಂಟಿಸಿಕೊಳ್ಳಬೇಕಾಗುತ್ತದೆ.

ಈ ಚಿಕಿತ್ಸೆ ಹೊಸದಲ್ಲ. 1793ರಲ್ಲಿ ಫ್ರಾನ್ಸಿನ ಡ್ಯೂರೆ ಎಂಬ ವೈದ್ಯನು ಗುದದ್ವಾರವಿಲ್ಲದೆ ಹುಟ್ಟಿದ ಶಿಶುವಿಗೆ ಕೊಲಾಸ್ಟಮಿ ಮಾಡಿದನು. ಆ ಶಿಶು ಬೆಳೆದು 45 ವರ್ಷ ಬದುಕಿತು. ಆದರೆ ಅಂಟುವ ಚೀಲಕ್ಕಾಗಿ ಲೋಕವು 1954ರವರೆಗೆ ಕಾಯಬೇಕಾಯಿತು. ಚಿಕಿತ್ಸೆಯ ಬಳಿಕ ಸೋರುವಿಕೆಗೆ ಅಂಜಿ ಮನೆಯಿಂದ ಹೊರಬೀಳದಿದ್ದ ತಂಗಿಗಾಗಿ, ಡೆನ್ಮಾರ್ಕಿನ ದಾದಿ ಎಲಿಸೆ ಸೊರೆನ್ಸೆನ್ ಅದನ್ನು ಕಲ್ಪಿಸಿದಳು.

ಆ ಅಂಜಿಕೆ ಇಂದಿಗೂ ಅಳಿದಿಲ್ಲ. ಇರುಳಿನಲ್ಲಿ ಅದು ಇಮ್ಮಡಿಯಾಗುತ್ತದೆ. ಹಾಸಿಗೆ ಕೆಟ್ಟೀತೆಂದು ಕೆಲವರು ರಾತ್ರಿಯೂಟವನ್ನೇ ಬಿಡುತ್ತಾರೆ, ನೀರು ಕುಡಿಯಲೂ ಹಿಂಜರಿಯುತ್ತಾರೆ. ಇದು ತಪ್ಪು ಉಪಾಯ. ಬರಿಯ ಕರುಳಿನಲ್ಲಿ ವಾಯು ಹೆಚ್ಚುತ್ತದೆ; ಇಲಿಯಾಸ್ಟಮಿಯುಳ್ಳವರ ದೇಹದಿಂದಲಂತೂ ನೀರೂ ಉಪ್ಪೂ ಸದಾ ಹೊರಹೋಗುತ್ತಿರುವುದರಿಂದ, ಬಾಯಾರಿಕೆಯನ್ನು ತಡೆದರೆ ನಿತ್ರಾಣವೇ ಫಲ.

ಕರುಳಿಗೂ ಒಂದು ಗಡಿಯಾರವಿದೆ. ನಾವು ನಿದ್ರಿಸುವಾಗ ದೊಡ್ಡ ಕರುಳಿನ ಚಲನೆ ಬಹಳ ತಗ್ಗುತ್ತದೆ. ಎಚ್ಚರಗೊಂಡಾಗಲೂ ಉಂಡ ಮೇಲೂ ಅದು ಚುರುಕಾಗುತ್ತದೆ. ಸಣ್ಣ ಕರುಳು ಇರುಳಿನಲ್ಲಿಯೂ ದುಡಿಯುತ್ತದೆಯಾದರೂ, ಊಟದ ನಂತರದ ಕೆಲವು ಗಂಟೆಗಳಲ್ಲಿಯೇ ಅದರ ಸ್ರಾವ ಹೆಚ್ಚು. ಹೀಗಿರಲು, ಮಲಗುವುದಕ್ಕೆ ಎರಡು ಮೂರು ಗಂಟೆ ಮುಂಚೆ ಊಟ ಮುಗಿಸಿ, ಮಲಗುವ ಮುನ್ನ ಚೀಲವನ್ನು ಬರಿದು ಮಾಡುವುದೇ ಸರಿಯಾದ ಉಪಾಯ. ಚೀಲ ಮೂರನೆಯ ಒಂದು ಪಾಲು ತುಂಬಿದಾಗಲೇ ಬರಿದು ಮಾಡಬೇಕು; ತುಂಬಿದ ಚೀಲದ ಭಾರ ಅಂಟನ್ನು ಕೀಳುತ್ತದೆ. ಇರುಳಿನಲ್ಲಿ ಒಮ್ಮೆ ಏಳಬೇಕಾದರೂ ಚಿಂತೆಯಿಲ್ಲ. ಅಂಗಾತವಾಗಿಯೋ ಸ್ಟೋಮಾ ಇರುವ ಮಗ್ಗುಲಿಗೋ ಮಲಗಿದರೆ ಚೀಲಕ್ಕೆ ಹಾಸಿಗೆಯ ಆಸರೆ ದೊರೆಯುತ್ತದೆ. ಹಾಸಿಗೆಯ ಮೇಲೆ ನೀರು ಇಂಗದ ಹೊದಿಕೆಯೊಂದಿದ್ದರೆ ಮನಸ್ಸೂ ಹಗುರ.

ಬೈಂದೂರು ತಾಲೂಕಿನ ಉಪ್ಪುಂದದಂತಹ ಕಡಲ ತಡಿಯ ಊರುಗಳಲ್ಲಿ ಸೆಕೆಯೂ ಬೆವರೂ ಅಂಟಿನ ಶತ್ರುಗಳು. ಚೀಲ ಬದಲಿಸಲು ಬೆಳಗಿನ ಬರಿಹೊಟ್ಟೆಯ ಹೊತ್ತು ಲೇಸು. ಚರ್ಮವನ್ನು ನೀರಿನಿಂದ ತೊಳೆದು ಪೂರ್ತಿ ಒಣಗಿಸಿ ಅಂಟಿಸಬೇಕು. ನಮ್ಮ ಕರಾವಳಿಯವರಿಗೆ ತೆಂಗಿನೆಣ್ಣೆ ಎಲ್ಲಕ್ಕೂ ಮದ್ದು. ಆದರೆ ಸ್ಟೋಮಾದ ಸುತ್ತ ಅದನ್ನು ಹಚ್ಚಬಾರದು, ಎಣ್ಣೆ ತಾಗಿದೆಡೆ ಅಂಟು ನಿಲ್ಲದು. ಚೀಲಕ್ಕೂ ಮೈಗೂ ನಡುವೆ ತೆಳುವಾದ ಹತ್ತಿಬಟ್ಟೆಯಿದ್ದರೆ ಬೆವರಿನ ತುರಿಕೆ ತಗ್ಗುತ್ತದೆ. ಊಟದ ವಿಷಯದಲ್ಲಿ ನಮ್ಮ ನಾಡು ಭಾಗ್ಯಶಾಲಿ: ಉಪ್ಪು ಬೆರೆಸಿದ ಕುಚ್ಚಲಕ್ಕಿ ಗಂಜಿ ಸುಲಭವಾಗಿ ಜೀರ್ಣವಾಗುವುದಲ್ಲದೆ, ಕಳೆದ ನೀರನ್ನೂ ಉಪ್ಪನ್ನೂ ತುಂಬಿಕೊಡುತ್ತದೆ. ಇಲಿಯಾಸ್ಟಮಿಯುಳ್ಳವರು ಮಾತ್ರ ತೆಂಗಿನಕಾಯಿ ಚೂರು, ಅಣಬೆ ಮೊದಲಾದ ನಾರಿನ ಪದಾರ್ಥಗಳನ್ನು ಸ್ವಲ್ಪವೇ, ಚೆನ್ನಾಗಿ ಅಗಿದು ತಿನ್ನಬೇಕು. ಇಲ್ಲವಾದರೆ ಹಾದಿ ಕಟ್ಟಿಕೊಂಡೀತು.

ಸ್ರಾವ ಗಂಟೆಗಟ್ಟಲೆ ನಿಂತು ಹೊಟ್ಟೆನೋವು, ವಾಂತಿ ತೋರಿದರೆ, ಅಥವಾ ಕೆಂಪಗಿರಬೇಕಾದ ಸ್ಟೋಮಾ ಕಪ್ಪಾದರೆ, ಬೆಳಗಾಗಲೆಂದು ಕಾಯದೆ ಕುಂದಾಪುರ, ಮಣಿಪಾಲ ಮೊದಲಾದೆಡೆಯ ಆಸ್ಪತ್ರೆಗೆ ಹೋಗಬೇಕು.

ಉಳಿದಂತೆ, ಈ ದ್ವಾರವು ರೋಗವಲ್ಲ. ರೋಗದಿಂದ ಪಾರುಮಾಡಿದ ದಾರಿ. ಅದನ್ನು ಮುಚ್ಚಿಟ್ಟುಕೊಂಡು ಬೇರೆ ಕೋಣೆಯಲ್ಲಿ ಎಚ್ಚರವಾಗಿ ಮಲಗುವವರಿಗೆ ಮನೆಯವರ ಮೊದಲ ಸಹಾಯವೆಂದರೆ ಮೂಗು ಮುಚ್ಚದೆ, ಪಿಸುಗುಟ್ಟದೆ, ವಿಷಯವನ್ನು ಸಹಜವಾಗಿ ಮಾತನಾಡುವುದು. ನಿದ್ರೆ ಮರಳಿದರೆ ದುಡಿಮೆಯೂ ಮರಳುತ್ತದೆ, ಜಾತ್ರೆಗೂ ಬಯಲಾಟಕ್ಕೂ ಹೋಗುವ ಧೈರ್ಯವೂ ಮರಳುತ್ತದೆ.